ಹಳ್ಳದ ಮಾತು ಸಾಕು, ಹನಿಯ ಮಾತು ಆಡೋಣ

(ಮನೆಯಿಂದ ದೂರವಿದ್ದು ದುಡಿಯುವವರ ಸಂಜೆಯ ಕೂಟವೊಂದರಲ್ಲಿ ಆರೋಗ್ಯದ ಅಭ್ಯಾಸಗಳ ಬಗ್ಗೆ, ಕೋಣೆಯೊಳಗಿನ ಗಿಡಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ದಾರಿ ತಪ್ಪಿದ್ದನ್ನು ಅಲ್ಲಲ್ಲಿ ಸರಿಪಡಿಸಿದ್ದೇನೆ, ಎಲ್ಲವನ್ನೂ ಸರಿಪಡಿಸಲು ಮನಸ್ಸಾಗಲಿಲ್ಲ.)

ಎಲ್ಲರಿಗೂ ನಮಸ್ಕಾರ.

ನಾನು ವೈದ್ಯನಲ್ಲ, ತೋಟಗಾರಿಕೆ ಓದಿದವನೂ ಅಲ್ಲ. ಲೆಕ್ಕ ತಪಾಸಣೆಯವನು. 19 ವರ್ಷ ಬೇರೆಯವರ ಕಚೇರಿಯಲ್ಲಿ ಕುಳಿತು, ಬೇರೆಯವರ ಮಂಚದ ಮೇಲೆ ಮಲಗಿ ಕಳೆದಿದ್ದೇನೆ. ಒಂದು ಕಡೆ ಆರು ವಾರ, ಇನ್ನೊಂದು ಕಡೆ ನಾಲ್ಕು ತಿಂಗಳು. ಸೂಟ್‌ಕೇಸನ್ನು ಪೂರ್ತಿ ಬಿಚ್ಚದೆ, ಅದರೊಳಗಿನಿಂದಲೇ ದಿನಕ್ಕೊಂದು ಅಂಗಿ ಎಳೆದು ತೊಡುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ, ಮುಖ ನೋಡಿದರೆ ತಿಳಿಯುತ್ತದೆ.

‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಲೆಕ್ಕದವನಾದ ನನಗೆ ಅದರ ಮೇಲೆ ಸಹಜವಾಗಿಯೇ ಪ್ರೀತಿ. ದಿನಕ್ಕೆ ಅರ್ಧ ಗಂಟೆ ನಡೆದರೆ ವರ್ಷಕ್ಕೆ ನೂರ ಎಂಬತ್ತೆರಡೂವರೆ ಗಂಟೆ. ಕೂಡಿಸಿ ಕೆಳಗೆ ಎರಡು ಗೆರೆ ಎಳೆದರೆ ಮನಸ್ಸಿಗೆ ಎಷ್ಟು ಹಿತ! ಆದರೆ ಇಂದು ಆ ಗಾದೆಯ ಜೊತೆ ಸ್ವಲ್ಪ ಜಗಳವಾಡಬೇಕು ಎಂದು ಬಂದಿದ್ದೇನೆ. ಅದರಲ್ಲಿ ಹನಿಗೆ ತನ್ನದೇ ಆದ ಬೆಲೆ ಇಲ್ಲ. ಹಳ್ಳ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆರೋಗ್ಯದ ಅಭ್ಯಾಸಗಳನ್ನೂ ನಾವು ಹೀಗೆಯೇ ನೋಡುತ್ತೇವೆ: ಈಗ ಕಷ್ಟಪಡು, ಸುಖ ಆಮೇಲೆ ಬಡ್ಡಿಯಾಗಿ ಬರುತ್ತದೆ. ಆ ‘ಆಮೇಲೆ’ ಯಾವಾಗಲೂ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಮನೆಯಿಂದ ದೂರವಿರುವವರಿಗಂತೂ ಇದು ಇಮ್ಮಡಿ ಕಾಟ. ನಮ್ಮ ಬದುಕೇ ‘ಊರಿಗೆ ಹೋದ ಮೇಲೆ’ ಎಂಬ ಮಾತಿಗೆ ಅಡವಿಟ್ಟಂತೆ ಇರುತ್ತದೆ.

ಈ ಸಂಕಟ ಹೊಸದೇನಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ‘ನೊಸ್ಟಾಲ್ಜಿಯಾ’ ಎಂಬ ಪದವನ್ನು ಹೊಸೆದ. ಗ್ರೀಕಿನ ಎರಡು ಪದಗಳನ್ನು ಸೇರಿಸಿ ಮಾಡಿದ್ದು. ಒಂದಕ್ಕೆ ಮನೆಗೆ ಮರಳುವುದು ಎಂದರ್ಥ, ಇನ್ನೊಂದಕ್ಕೆ ನೋವು. ಇಂದು ಹಳೆಯ ಫೋಟೊ ನೋಡಿ ನಿಟ್ಟುಸಿರು ಬಿಡುವುದಕ್ಕೆ ಆ ಪದವನ್ನು ಬಳಸುತ್ತೇವೆ. ಹುಟ್ಟಿದಾಗ ಅದು ಒಂದು ಕಾಯಿಲೆಯ ಹೆಸರು. ಊರು ಬಿಟ್ಟು ಹೋದ ಸೈನಿಕರು, ವಿದ್ಯಾರ್ಥಿಗಳು, ಕೆಲಸದವರು ಅದರ ರೋಗಿಗಳು. ನಿದ್ದೆ ಬಾರದಿರುವುದು, ಊಟ ಸೇರದಿರುವುದು ಅದರ ಲಕ್ಷಣಗಳು. ನಮ್ಮ ಪೈಕಿ ಯಾರನ್ನೇ ಹೋಫರನ ಮುಂದೆ ನಿಲ್ಲಿಸಿದ್ದರೂ ಚೀಟಿ ಬರೆದು ಕೊಡುತ್ತಿದ್ದನೇನೋ.

ನಿದ್ದೆಯ ವಿಷಯ ಬಂದಿತಲ್ಲ, ಒಂದು ಸಮಾಧಾನ ಹೇಳುತ್ತೇನೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬಾರದಿದ್ದರೆ ಅದು ನಿಮ್ಮ ದೌರ್ಬಲ್ಯವಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಕೋಣೆಯ ಮೊದಲ ರಾತ್ರಿ ಗಾಢ ನಿದ್ದೆಯ ಹೊತ್ತಿನಲ್ಲೂ ಮೆದುಳಿನ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುವುದು ಕಂಡುಬಂತು. ಡಾಲ್ಫಿನ್‌ಗಳು ಅರ್ಧ ಮೆದುಳಿನಲ್ಲಿ ನಿದ್ದೆ ಮಾಡುತ್ತವೆ ಎಂದು ಓದಿರುತ್ತೀರಿ. ನಮ್ಮೊಳಗೂ ಅಂಥದ್ದೇ ಒಬ್ಬ ಕಾವಲುಗಾರ ಇದ್ದಾನೆ. ಮುಂದಿನ ರಾತ್ರಿಗಳಲ್ಲಿ ಅವನೂ ಮಲಗುತ್ತಾನೆ. ಇದನ್ನು ತಿಳಿದ ಮೇಲೆ ನಾನು ಮೊದಲ ರಾತ್ರಿಯ ಜೊತೆ ಗುದ್ದಾಡುವುದನ್ನು ಬಿಟ್ಟೆ. ಆ ರಾತ್ರಿಯನ್ನು ಸಾಮಾನು ಬಿಚ್ಚಲು ಇಟ್ಟುಕೊಂಡಿದ್ದೇನೆ. ಸೂಟ್‌ಕೇಸ್ ಪೂರ್ತಿ ಖಾಲಿ ಮಾಡಿ ಮಂಚದ ಕೆಳಗೆ ತಳ್ಳುತ್ತೇನೆ. ಮನೆಯಿಂದ ತಂದ ದಿಂಬಿನ ಚೀಲ ಹಾಕುತ್ತೇನೆ. ಕಿಟಕಿ ತೆರೆದು, ಬೆಳಗಿನ ಬಿಸಿಲು ಯಾವ ಕಡೆಯಿಂದ ಬಂದೀತು ಎಂದು ಅಂದಾಜು ಮಾಡುತ್ತೇನೆ. ಮರುದಿನ ಆ ಅಂದಾಜು ಸರಿಯಾದರೆ ಸಿಗುವ ಖುಷಿ ಇದೆಯಲ್ಲ, ಆಡಿಟ್ ವರದಿಯಲ್ಲಿ ಎಂದೂ ಸಿಕ್ಕಿಲ್ಲ.

ಈಗ ನನ್ನ ಮಾನ ಕಳೆಯುವ ಕಥೆ. ಕೆಲವು ವರ್ಷಗಳ ಹಿಂದೆ ಹೆಜ್ಜೆ ಎಣಿಸುವ ಕೈಗಡಿಯಾರ ಕೊಂಡೆ. ದಿನಕ್ಕೆ ಹತ್ತು ಸಾವಿರ ಎಂದು ಗುರಿ ಇಟ್ಟೆ. ಒಂದು ರಾತ್ರಿ ಹನ್ನೊಂದೂವರೆಗೆ ನೋಡಿದರೆ ಇನ್ನೂ ಆರುನೂರು ಹೆಜ್ಜೆ ಬಾಕಿ. ಮಂಚದ ಸುತ್ತ ಪ್ರದಕ್ಷಿಣೆ ಶುರು ಮಾಡಿದೆ. ಕೆಳಗಿನ ಮನೆಯವರು ಮೊದಲು ಕೋಲಿನಿಂದ ತಾರಸಿ ಕುಟ್ಟಿದರು, ಆಮೇಲೆ ಮೇಲೆಯೇ ಬಂದರು. “ಏನಾದರೂ ತೊಂದರೆಯೇ ಸರ್?” ಎಂದು ಕೇಳಿದಾಗ “ಆರುನೂರು ಬಾಕಿ ಇದೆ” ಎಂದೆ. ಅವರು ಯಾವುದೋ ಸಾಲ ಎಂದುಕೊಂಡು ಬಹಳ ಮರ್ಯಾದೆಯಿಂದ ಹಿಂದೆ ಸರಿದರು.

ಆ ಹತ್ತು ಸಾವಿರ ಎಲ್ಲಿಂದ ಬಂತು ಎಂದು ಹುಡುಕಿದೆ. ವೃತ್ತಿಯ ಚಟ, ಯಾವ ಸಂಖ್ಯೆ ಕಂಡರೂ ಅದರ ಮೂಲ ವೋಚರ್ ಕೇಳುತ್ತೇನೆ. ಅದು ಪ್ರಯೋಗಾಲಯದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದರ ಹೆಸರು ‘ಮಾನ್ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಮಾರಾಟದ ಹೆಸರು ಜಗತ್ತಿಗೆಲ್ಲ ಗುರಿಯಾಯಿತು. 2019ರಲ್ಲಿ 16 ಸಾವಿರಕ್ಕೂ ಹೆಚ್ಚು ವಯಸ್ಸಾದ ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿದಾಗ, ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುತ್ತಿದ್ದವರಲ್ಲಿಯೇ ಸಾವಿನ ಪ್ರಮಾಣ 2,700 ಹಾಕುತ್ತಿದ್ದವರಿಗಿಂತ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ ಒಂದು ಹಳೆಯ ಷರತ್ತನ್ನು ಕೈಬಿಟ್ಟಿದೆ. ಮೊದಲು ವ್ಯಾಯಾಮ ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು, ಈಗ ಎರಡು ನಿಮಿಷದ್ದೂ ಜಮೆಯಾಗುತ್ತದೆ. ವಾರಕ್ಕೆ ಒಟ್ಟು 150ರಿಂದ 300 ನಿಮಿಷ ಸಾಧಾರಣ ಶ್ರಮ ಎಂಬುದು ಅದರ ಮುಖ್ಯ ಸಲಹೆ.

ಹಾಗೆಂದು ಗಡಿಯಾರ ಎಸೆಯಿರಿ ಎನ್ನುತ್ತಿಲ್ಲ. ಎಣಿಕೆಯಲ್ಲೂ ಸುಖವಿರಬಹುದು. ಚಾರ್ಲ್ಸ್ ಡಾರ್ವಿನ್ ತನ್ನ ಮನೆಯ ಹಿಂದಿನ ಮರಗಳ ನಡುವೆ ಮಾಡಿಸಿಕೊಂಡಿದ್ದ ಮರಳುದಾರಿಯಲ್ಲಿ ದಿನವೂ ಸುತ್ತು ಹಾಕುತ್ತಿದ್ದ. ಎಷ್ಟು ಸುತ್ತು ಬೇಕೋ ಅಷ್ಟು ಕಲ್ಲುಗಳನ್ನು ಮೊದಲೇ ಗುಡ್ಡೆ ಹಾಕಿ, ಸುತ್ತಿಗೊಂದನ್ನು ಒದೆಯುತ್ತಾ ಹೋಗುತ್ತಿದ್ದ. ಎಣಿಸುವ ಕೆಲಸ ಕಲ್ಲಿನದು, ಯೋಚಿಸುವ ಕೆಲಸ ತಲೆಯದು. ನನ್ನ ಗಡಿಯಾರ ಇದನ್ನು ತಿರುಗುಮುರುಗು ಮಾಡಿತ್ತು. ಈಗ ಯಾವ ಊರಿಗೆ ಹೋದರೂ ಮೊದಲ ವಾರದಲ್ಲಿ ಒಂದು ಮರವನ್ನು ಗೊತ್ತು ಮಾಡಿಕೊಳ್ಳುತ್ತೇನೆ, ಹದಿನೈದು ನಿಮಿಷ ದೂರದ್ದು. ಸಂಜೆ ಅದನ್ನು ನೋಡಿಕೊಂಡು ಬರುತ್ತೇನೆ. ಚಿಗುರು ಬಂತೇ, ಯಾವ ಹಕ್ಕಿ ಕುಳಿತಿದೆ, ಯಾರಾದರೂ ಕೊಂಬೆ ಕಡಿದರೇ. ‘ವಾಕಿಂಗ್ ಹೋಗಬೇಕು’ ಎಂದರೆ ಏಳದ ಮೈ, ‘ಮರ ನೋಡಿ ಬರೋಣ’ ಎಂದರೆ ಏಳುತ್ತದೆ.

ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ಕಥೆ ಇಲ್ಲಿ ನೆನಪಾಗುತ್ತದೆ. ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ತಿಳಿಯಿತು. ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ ಆ ಕಂಡಕ್ಟರುಗಳು ವ್ಯಾಯಾಮಕ್ಕೆಂದು ಹತ್ತಿದವರಲ್ಲ, ಮೇಲೆ ಕುಳಿತವರಿಗೂ ಟಿಕೆಟ್ ಕೊಡಬೇಕಿತ್ತು. ಮಾರಿಸ್ ಅಲ್ಲಿಗೇ ನಿಲ್ಲಿಸಲಿಲ್ಲ ಎಂಬುದು ನನಗೆ ಅವರ ಮೇಲಿರುವ ಗೌರವಕ್ಕೆ ಕಾರಣ. ಮೊದಲಿನಿಂದಲೇ ದಪ್ಪಗಿದ್ದವರು ಚಾಲಕರಾಗುತ್ತಿದ್ದರೇ ಎಂಬ ಅನುಮಾನ ಬಂದು, ನೌಕರರಿಗೆ ಕೊಟ್ಟ ಸಮವಸ್ತ್ರದ ಅಳತೆಗಳನ್ನೇ ತರಿಸಿ ಪರೀಕ್ಷಿಸಿದರು. ಚಾಲಕರ ಪ್ಯಾಂಟಿನ ಸೊಂಟದ ಸುತ್ತಳತೆ ನಿಜಕ್ಕೂ ದೊಡ್ಡದಿತ್ತು! ತನ್ನ ತೀರ್ಮಾನಕ್ಕೆ ತಾನೇ ಆಕ್ಷೇಪಣೆ ಹಾಕಿಕೊಳ್ಳುವ ಇಂಥವರು ನಮ್ಮ ಇಲಾಖೆಯಲ್ಲಿ ಇರಬೇಕಿತ್ತು.

ಅಭ್ಯಾಸ ಕೂಡಿಬರಲು ಎಷ್ಟು ದಿನ ಬೇಕು? 21 ದಿನ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಅಭ್ಯಾಸ ತಾನಾಗಿ ನಡೆಯುವಂತಾಗಲು ಕೆಲವರಿಗೆ 18 ದಿನ ಸಾಕಾಯಿತು. ಇನ್ನು ಕೆಲವರಿಗೆ 254 ದಿನ ಬೇಕಾದೀತು ಎಂಬ ಅಂದಾಜು ಬಂತು. ಸರಾಸರಿ 66 ಎಂದು ಎಲ್ಲರೂ ಹೇಳುತ್ತಾರೆ, ಆದರೆ 18ಕ್ಕೂ 254ಕ್ಕೂ ನಡುವೆ ಸರಾಸರಿ ತೆಗೆದು ಒಬ್ಬ ಮನುಷ್ಯನ ಕೈಗೆ ಕೊಟ್ಟರೆ ಅವನು ಏನು ಮಾಡಬೇಕು? ನನಗೆ ಮುಖ್ಯವೆನಿಸಿದ್ದು ಅದೇ ಅಧ್ಯಯನದ ಇನ್ನೊಂದು ಸಾಲು: ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವಿಲ್ಲ. ಪ್ರಯಾಣದ ದಿನ, ಲೆಕ್ಕ ಮುಗಿಸುವ ದಿನ, ಜ್ವರದ ದಿನ ಇವೆಲ್ಲ ನಮ್ಮ ವಹಿಯಲ್ಲಿ ಇದ್ದೇ ಇರುತ್ತವೆ. ಸರಪಳಿ ಕಡಿಯಿತು ಎಂದು ಪೂರ್ತಿ ಬಿಟ್ಟುಬಿಡುವವರು ಆ ಒಂದು ದಿನಕ್ಕಿಂತ ದೊಡ್ಡ ತಪ್ಪು ಮಾಡುತ್ತಾರೆ.

ಇನ್ನೊಂದು ಅಧ್ಯಯನ ಹೇಳಿ ಅಂಕಿಗಳ ಕಾಟ ನಿಲ್ಲಿಸುತ್ತೇನೆ. ಹೊಸ ವರ್ಷದ ಸಂಕಲ್ಪ ಮಾಡಿದವರನ್ನು ಕೈಟ್ಲಿನ್ ವೂಲಿ ಮತ್ತು ಆಯೆಲೆಟ್ ಫಿಶ್‌ಬಾಕ್ ಎಂಬ ಸಂಶೋಧಕಿಯರು ಹಿಂಬಾಲಿಸಿದರು. ಅವರ ಬರಹ ಪ್ರಕಟವಾದದ್ದು 2017ರಲ್ಲಿ. ಸಂಕಲ್ಪದಿಂದ ಮುಂದೆ ಎಷ್ಟು ಲಾಭವಿದೆ ಎಂಬ ನಂಬಿಕೆ ಜನರನ್ನು ಸಂಕಲ್ಪ ಮಾಡಿಸಿತ್ತು. ಆದರೆ ಅದನ್ನು ಮುಂದುವರಿಸಿದವರು ಯಾರು ಎಂದು ನೋಡಿದರೆ, ಮಾಡುವ ಹೊತ್ತಿನಲ್ಲಿಯೇ ಅದರಲ್ಲಿ ಸುಖ ಕಂಡವರು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿಯ ಆಸೆಗೆ ಖಾತೆ ತೆರೆದರು, ಅಸಲಿನ ರುಚಿ ಹತ್ತಿದವರು ಉಳಿದರು.

ಇನ್ನು ಗಿಡದ ವಿಷಯ. ಇದಕ್ಕಾಗಿಯೇ ನನ್ನನ್ನು ಕರೆದದ್ದು, ಆದರೂ ಇಷ್ಟು ತಡ ಮಾಡಿದೆ.

ತೋಟ ಎಂದಾಕ್ಷಣ ನಮ್ಮಂಥವರು “ಜಾಗ ಎಲ್ಲಿದೆ? ನಾಲ್ಕು ತಿಂಗಳಿಗೆ ಊರು ಬದಲಾಗುತ್ತದೆ” ಎನ್ನುತ್ತೇವೆ. ನಾನೂ ಅನ್ನುತ್ತಿದ್ದೆ. ಒಮ್ಮೆ ಫೋನಿನಲ್ಲಿ ಅಮ್ಮ, “ಆ ಕೋಣೆಯಲ್ಲಿ ಹಸಿರು ಅನ್ನುವುದು ಏನಾದರೂ ಇದೆಯೇನೋ?” ಎಂದು ಕೇಳಿದರು. “ಟವೆಲ್ ಇದೆಯಮ್ಮ” ಎಂದೆ. ಅವರು ನಗಲಿಲ್ಲ. ಮುಂದಿನ ಸಲ ಊರಿನಿಂದ ಹೊರಡುವಾಗ, ಮನಿಪ್ಲಾಂಟಿನ ಒಂದು ಗೇಣು ಬಳ್ಳಿಯನ್ನು ಒದ್ದೆ ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟರು. ಬೇಡ ಎನ್ನುವ ಧೈರ್ಯ ಆಗಲಿಲ್ಲ. ಹೊಸ ಕೋಣೆಯಲ್ಲಿ ಅದನ್ನು ನೀರಿನ ಬಾಟಲಿಗೆ ಹಾಕಿ ಮರೆತೆ. ಎರಡು ವಾರವಾಗಿರಬಹುದು, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡಿದರೆ ಗೆಣ್ಣಿನಿಂದ ಬಿಳಿಯ ಬೇರೊಂದು, ಅಕ್ಕಿಕಾಳಿನಷ್ಟು, ಹೊರಗೆ ಇಣುಕಿತ್ತು. ಬ್ರಷ್ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ. ಅಂದು ರಾತ್ರಿ ಹೆಂಡತಿ ಎಂದಿನಂತೆ “ಏನು ಸಮಾಚಾರ?” ಎಂದಳು. ವರ್ಷಗಟ್ಟಲೆ ಆ ಪ್ರಶ್ನೆಗೆ “ಏನಿಲ್ಲ, ಎಲ್ಲ ಅದೇ” ಎಂದು ಉತ್ತರಿಸಿದವನು ಅಂದು “ಬೇರು ಬಂತು” ಎಂದೆ. ಆಮೇಲೆ ನಮ್ಮ ಫೋನಿನ ಮಾತು ಎರಡು ನಿಮಿಷದಿಂದ ಹತ್ತು ನಿಮಿಷಕ್ಕೆ ಬೆಳೆಯಿತು. ಬಳ್ಳಿಗಿಂತ ಬೇಗ.

1970ರ ದಶಕದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ವೃದ್ಧರ ಆರೈಕೆಯ ಮನೆಯೊಂದರಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧವಾದದ್ದು. ಎರಡು ಮಹಡಿಯವರಿಗೂ ಗಿಡ ಕೊಟ್ಟರು. ಒಂದು ಮಹಡಿಯವರಿಗೆ “ಗಿಡ ನಿಮ್ಮದು, ನೋಡಿಕೊಳ್ಳುವವರೂ ನೀವೇ” ಎಂದರು, ದಿನಚರಿಯ ಬೇರೆ ಸಣ್ಣಪುಟ್ಟ ವಿಷಯಗಳಲ್ಲೂ ತೀರ್ಮಾನ ಅವರದೇ ಎಂದು ನೆನಪಿಸಿದರು. ಇನ್ನೊಂದು ಮಹಡಿಯಲ್ಲಿ “ನೀರು ನಮ್ಮ ಸಿಬ್ಬಂದಿ ಹಾಕುತ್ತಾರೆ, ಚಿಂತೆ ಬೇಡ” ಎಂದರು. ಕೆಲವು ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಗೆಲುವಾಗಿದ್ದರು. ಪ್ರಯೋಗ ಚಿಕ್ಕದು, ಅದರಿಂದ ದೊಡ್ಡ ಸಿದ್ಧಾಂತ ಕಟ್ಟುವುದಕ್ಕೆ ನನಗೆ ಹಿಂಜರಿಕೆಯಿದೆ. ಆದರೆ ಬಾಡಿಗೆ ಕೋಣೆಯಲ್ಲಿ ಪರದೆಯ ಬಣ್ಣದಿಂದ ಊಟದ ಹೊತ್ತಿನವರೆಗೆ ಎಲ್ಲವನ್ನೂ ಬೇರೆ ಯಾರೋ ತೀರ್ಮಾನಿಸಿರುವಾಗ, ‘ಇದಕ್ಕೆ ನೀರು ಯಾವಾಗ’ ಎಂದು ತೀರ್ಮಾನಿಸುವವನು ನಾನು ಎಂಬುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಗೊತ್ತು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕುಂಡದ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಮುಳುಗಿ ಸಾಯುವುದೇ ಹೆಚ್ಚು. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರು ನಿಂತರೆ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದ್ದರಿಂದ ಎಲೆ ಬಾಡುತ್ತದೆ, ಬಾಡಿತು ಎಂದು ನಾವು ಇನ್ನಷ್ಟು ನೀರು ಸುರಿಯುತ್ತೇವೆ. ಪ್ರೀತಿ ಹೀಗೂ ಕೊಲ್ಲುತ್ತದೆ, ನನ್ನ ಎರಡು ಪುದೀನ ಗಿಡಗಳು ಅದಕ್ಕೆ ಸಾಕ್ಷಿ. ಬೆರಳಿನ ಒಂದು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ. ಒದ್ದೆ ಇದ್ದರೆ ಕೈ ತೊಳೆದು ಕಚೇರಿಗೆ ಹೊರಡಿ.

ನಾಲ್ಕು ದಿನ ಊರಿಗೆ ಹೋಗಬೇಕಾದಾಗ ನೆರೆಯವರನ್ನು ಕಾಡಬೇಕಿಲ್ಲ. ಹತ್ತಿಯ ದಪ್ಪ ದಾರವನ್ನು ಪೂರ್ತಿ ನೆನೆಸಿ, ಒಂದು ತುದಿಯನ್ನು ನೀರು ತುಂಬಿದ ಬಾಟಲಿಯ ತಳ ಮುಟ್ಟಿಸಿ, ಇನ್ನೊಂದನ್ನು ಕುಂಡದ ಮಣ್ಣಿನೊಳಗೆ ಎರಡು ಅಂಗುಲ ಹುಗಿಯಿರಿ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ದಾರ ನೀರನ್ನು ಎಳೆದು, ಒಣಗಿದ ಮಣ್ಣಿಗೆ ನಿಧಾನವಾಗಿ ಉಣಿಸುತ್ತದೆ. ಹೊರಡುವ ಎರಡು ದಿನ ಮೊದಲೇ ಹಚ್ಚಿ ನೋಡಿಕೊಳ್ಳಿ. ನೈಲಾನ್ ದಾರ ಬೇಡ. ಅದನ್ನು ಹಾಕಿ ವಾರ ಬಿಟ್ಟು ಬಂದಾಗ ನಾನು ಕಂಡದ್ದನ್ನು ಇಲ್ಲಿ ವರ್ಣಿಸುವುದಿಲ್ಲ.

ಕೈಗೆ ಬೇಗ ಏನಾದರೂ ಕಾಣಬೇಕು ಎನ್ನುವವರು ಮೂಲಂಗಿ ಬೀಜ ಹಾಕಿ. ಹದ ಸರಿಯಿದ್ದರೆ ಮೂರರಿಂದ ಐದು ದಿನಕ್ಕೆ ಮೊಳಕೆ. ಅದು ಕಿಟಕಿಯ ಕಡೆ ಬಾಗುವುದನ್ನು ನೋಡಿ, ಕುಂಡ ತಿರುಗಿಸಿ, ಮರುದಿನ ಮತ್ತೆ ನೋಡಿ. ಕಲ್ಲು ಒದೆಯುತ್ತಿದ್ದ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಸೇರಿ ಹುಲ್ಲಿನ ಮೊಳಕೆಗಳಿಗೆ ಪುಟ್ಟ ಟೋಪಿ ಹಾಕಿ ಪರೀಕ್ಷಿಸಿದ್ದ. ತುದಿಗೆ ಬೆಳಕು ಬೀಳದಂತೆ ಮುಚ್ಚಿದರೆ ಮೊಳಕೆ ಬಾಗುವುದಿಲ್ಲ ಎಂದು 1880ರಲ್ಲಿ ತಂದೆಮಗ ಪ್ರಕಟಿಸಿದರು. ಬೆಳಕನ್ನು ಕಾಣುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಜಗತ್ಪ್ರಸಿದ್ಧನಾದ ಮೇಲೂ ಎಪ್ಪತ್ತರ ವಯಸ್ಸಿನಲ್ಲಿ ಹುಲ್ಲಿಗೆ ಟೋಪಿ ತೊಡಿಸುತ್ತಾ ಕುಳಿತವನನ್ನು ನೆನೆದರೆ ನನಗೆ ಅವನ ಎಲ್ಲ ಸಿದ್ಧಾಂತಗಳಿಗಿಂತ ಹೆಚ್ಚು ಪ್ರೀತಿ ಉಕ್ಕುತ್ತದೆ.

ಗಾದೆಯ ಜಗಳ ಅರ್ಧಕ್ಕೆ ನಿಂತಿದೆ, ಮುಗಿಸುತ್ತೇನೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆ ಗೊತ್ತಲ್ಲ? 1964ರಲ್ಲಿ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದರೊಳಗಿನ ಹಸಿಮಣ್ಣಿನ ಗಂಧಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು, ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವಂಥದ್ದು. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಅದು ಮೇಲೆ ಹೇಗೆ ಏಳುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯವರು 2015ರಲ್ಲಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಹನಿ ನೆಲಕ್ಕೆ ತಾಗಿದ ಕ್ಷಣ ಮಣ್ಣಿನ ರಂಧ್ರಗಳ ಗಾಳಿ ಅದರಡಿಗೆ ಸಿಕ್ಕಿ, ಗುಳ್ಳೆಗಳಾಗಿ ಹನಿಯೊಳಗೆ ಏರಿ, ಸೋಡಾದ ಹಾಗೆ ಮೇಲೆ ಸಿಡಿಯುತ್ತದೆ. ಸಿಡಿದ ತುಂತುರಿನ ಜೊತೆ ಮಣ್ಣಿನ ಕಣಗಳೂ ಗಾಳಿಗೆ ಸೇರುತ್ತವೆ. ಇದು ಹೆಚ್ಚಾಗಿ ಆಗುವುದು ಜಡಿಮಳೆಯಲ್ಲಲ್ಲ, ಹಗುರ ಮಳೆಯಲ್ಲಿ. ನೆಲ ಪೂರ್ತಿ ತೊಯ್ದು ನೀರು ಹರಿಯತೊಡಗಿದ ಮೇಲೆ ಆ ಗಂಧ ಇಲ್ಲ.

ಹಳ್ಳಕ್ಕೆ ವಾಸನೆ ಇಲ್ಲ, ನೋಡಿ. ಹನಿಗೆ ಇದೆ.

ಇದನ್ನು ಅನುಭವಿಸಲು ಮಳೆಗಾಲ ಬೇಕಿಲ್ಲ. ಕುಂಡದ ಮಣ್ಣಿನ ಮೇಲ್ಪದರ ಒಣಗಿದಾಗ ಬೆರಳು ಅದ್ದಿ ನಾಲ್ಕು ಹನಿ ಉದುರಿಸಿ, ಮೂಗು ಹತ್ತಿರ ತನ್ನಿ. ನಾನು ದಿನವೂ ಮಾಡುತ್ತೇನೆ. ಕೋಣೆ ಗುಡಿಸಲು ಬರುವ ಹುಡುಗ ಒಮ್ಮೆ ನೋಡಿ, ಸಾಹೇಬರಿಗೆ ಏನೋ ಆಗಿದೆ ಎಂದುಕೊಂಡ. ಈಗ ಅವನೂ ಒಮ್ಮೊಮ್ಮೆ ಬಗ್ಗುತ್ತಾನೆ.

ಕೊನೆಗೆ ಒಂದು ಸೂಚನೆ. ಬಾಗಿಲ ಬಳಿಯ ಮೇಜಿನ ಮೇಲೆ ಮೂವತ್ತು ಸಣ್ಣ ಬಾಟಲಿಗಳಿವೆ, ಒಂದೊಂದರಲ್ಲೂ ಬಳ್ಳಿಯ ಒಂದು ತುಂಡು. ಅಮ್ಮ ಕಟ್ಟಿ ಕೊಟ್ಟದ್ದರ ಮರಿಮಕ್ಕಳು ಇವು, ಏಳು ಊರು ತಿರುಗಿ ಬಂದಿವೆ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ. ಗೆಣ್ಣು ನೀರಿನೊಳಗೆ ಇರಲಿ, ಎಲೆ ಹೊರಗೆ ಇರಲಿ. ವಾರಕ್ಕೊಮ್ಮೆ ನೀರು ಬದಲಿಸಿ. ಚಿಕ್ಕ ಮಕ್ಕಳು, ಬೆಕ್ಕು ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಎಲೆ ಅಗಿದರೆ ಬಾಯಿ ಉರಿಯುತ್ತದೆ. ಮೂಲೆಯಲ್ಲಿರುವ ನೀಲಿ ಮುಚ್ಚಳದ ಬಾಟಲಿಯೊಂದನ್ನು ಮಾತ್ರ ಬಿಟ್ಟುಬಿಡಿ. ಅದಕ್ಕೆ ಇಂದು ಬೆಳಿಗ್ಗೆ ಬೇರು ಬಂದಿದೆ, ಮನೆಗೆ ಇನ್ನೂ ಫೋನ್ ಮಾಡಿ ಹೇಳಿಲ್ಲ.